ಏ.ಸಿ. ಕೆಟ್ಟಿಲ್ಲ ಸ್ವಾಮಿ, ಕರೆಂಟಿಗೇ ಸುಸ್ತು!

ರಾಯಚೂರು: ಈ ಊರಿನ ಬೇಸಿಗೆಗೆ ಎರಡು ಪಾಳಿ. ಹಗಲು ಪಾಳಿ ಸೂರ್ಯನದು, ರಾತ್ರಿ ಪಾಳಿ ಕಲ್ಲಿನದು. ಮಧ್ಯಾಹ್ನ ೪೨-೪೩ ಡಿಗ್ರಿಯಲ್ಲಿ ಕಾದ ಗೋಡೆ, ಮಾಳಿಗೆ, ಫರಸಿಕಲ್ಲು ರಾತ್ರಿ ಹನ್ನೊಂದಾದರೂ ರೊಟ್ಟಿ ಹಂಚಿನ ಹಾಗೆ ಸುಡುತ್ತಿರುತ್ತವೆ. ತೀನ್ ಕಂದೀಲ್ ಕಡೆಯ ಅಂಗಡಿಗಳು ಶಟರ್ ಎಳೆಯುವ ಹೊತ್ತು, ಲಿಂಗಸುಗೂರು ಕಡೆಯ ಬಸ್ಸಿನಿಂದ ಇಳಿದವರು ಬೆವರು ಒರೆಸಿಕೊಳ್ಳುತ್ತ ಮನೆ ಸೇರುವ ಹೊತ್ತು. ಎಲ್ಲರ ಕೈಯೂ ಮೊದಲು ಹುಡುಕುವುದು ಒಂದನ್ನೇ: ಏ.ಸಿ. ರಿಮೋಟು!

ಒತ್ತುತ್ತಾರೆ. 'ಪೀಂ' ಎಂದು ಸದ್ದಾಗುತ್ತದೆ. ಗೋಡೆಯ ಮೇಲಿನ ಪೆಟ್ಟಿಗೆ ಬಾಯಿ ತೆರೆಯುತ್ತದೆ, ಗಾಳಿಯೂ ಬರುತ್ತದೆ. ತಂಪು ಮಾತ್ರ ಇಲ್ಲ. ಹೊರಗೆ ಮಾಳಿಗೆಯ ಮೇಲಿನ ದೊಡ್ಡ ಡಬ್ಬಿಯ ಫ್ಯಾನು ತಿರುಗುತ್ತದೆ; ಅದರ ಹೊಟ್ಟೆಯೊಳಗಿಂದ 'ಗುಂಯ್...' ಎಂಬ ನರಳಾಟ ಕೇಳುತ್ತದೆ, ಕೆಲವು ಕ್ಷಣ ಬಿಟ್ಟು 'ಟಕ್'. ಮುಗೀತು. ಮೂರ್ನಾಲ್ಕು ನಿಮಿಷಕ್ಕೆ ಮತ್ತೆ ಗುಂಯ್, ಮತ್ತೆ ಟಕ್.

"ಏ.ಸಿ. ಹೋತು!" ಎಂದು ಮನೆಯ ಹಿರಿಯರ ತೀರ್ಪು ಬರುತ್ತದೆ. ಮೆಕ್ಯಾನಿಕ್‌ಗೆ ಫೋನು ಹೋಗುತ್ತದೆ. ಅವನೋ ಆ ದಿನ ಹತ್ತು ಮನೆ ತಿರುಗಿ ಬಂದವನು. ಕೂತಲ್ಲಿಂದಲೇ ಹೇಳುತ್ತಾನೆ: "ಗ್ಯಾಸ್ ಖಾಲಿ ಆಗಿರಬೇಕ್ರಿ ಸಾವ್ಕಾರ್ರ, ಮುಂಜಾನಿ ಬರ್ತೀನಿ." ಮುಂಜಾನೆ ಅವನು ಬರುವ ಹೊತ್ತಿಗೆ ಏನಾಶ್ಚರ್ಯ! ಅದೇ ಏ.ಸಿ. ಒಂದೇ ಏಟಿಗೆ ಚಾಲೂ ಆಗಿ, ಕೋಣೆಯೆಲ್ಲ ತಣ್ಣಗೆ ಮಾಡಿ ಕೂತಿದೆ. ಮೆಕ್ಯಾನಿಕ್ ಪ್ರಾಮಾಣಿಕನಾದರೆ ಬಂದ ಖರ್ಚು ತೆಗೆದುಕೊಂಡು ಹೋಗುತ್ತಾನೆ. ಅಲ್ಲದವನಾದರೆ ಸಿಲಿಂಡರ್ ಹಚ್ಚಿ, ಸಾವಿರಗಳ ಲೆಕ್ಕದಲ್ಲಿ ಬಿಲ್ಲು ಬರೆದು ಹೋಗುತ್ತಾನೆ. ರಾತ್ರಿ ಹತ್ತಕ್ಕೆ ಮತ್ತೆ ಅದೇ ರಾಗ: ಗುಂಯ್, ಟಕ್.

ರಾತ್ರಿ ಹತ್ತಕ್ಕೆ ಹಟ ಹಿಡಿದು, ಬೆಳಗಿನ ಐದಕ್ಕೆ ಸಲೀಸಾಗಿ ಓಡುವ ಏ.ಸಿ.ಗೆ ರೋಗವಿಲ್ಲ ಸ್ವಾಮಿ. ರೋಗ ಇರುವುದು ಅದಕ್ಕೆ ಬಂದು ಮುಟ್ಟುವ ಕರೆಂಟಿನಲ್ಲಿ. ಈ ಒಂದು ಮಾತು ತಿಳಿಯದೆ ಬೇಸಿಗೆ ಬಂತೆಂದರೆ ಈ ಊರಿನ ಜನ ಸುಮ್ಮಸುಮ್ಮನೆ ದುಡ್ಡು ಸುರಿಯುತ್ತಿದ್ದಾರೆ. ದುಡ್ಡು ಹೋದರೆ ಹೋಗಲಿ, ಕೆಲವರು ಮನೆಗೆ ಬೆಂಕಿ ಬೀಳುವ ಕೆಲಸವನ್ನೂ ತಾವೇ ಕೈಯಾರೆ ಮಾಡಿಕೊಳ್ಳುತ್ತಿದ್ದಾರೆ.

ಮೊದಲು ಬರಿಗೈಯಲ್ಲಿ ನೋಡುವುದು

ಹಾಗಂತ ಎಲ್ಲ ತಪ್ಪನ್ನೂ ಕರೆಂಟಿನ ತಲೆಗೆ ಕಟ್ಟುವಂತಿಲ್ಲ. ಈ ಭಾಗದಲ್ಲಿ ಬಹಳ ಮನೆಗಳ ಏ.ಸಿ. ಮಳೆಗಾಲ ಹಿಡಿಯುತ್ತಲೇ ಮಲಗಿದರೆ ಏಳುವುದು ಶಿವರಾತ್ರಿ ಕಳೆದ ಮೇಲೆ. ಏಳೆಂಟು ತಿಂಗಳು ಸುಮ್ಮನೆ ಬಿದ್ದ ಯಂತ್ರ. ಹೊರಗಿನ ಡಬ್ಬಿಗೆ ಮಳೆ ಬೀಳದಿರಲೆಂದು ಸುತ್ತಿದ ತಾಡಪಾಲು ಹಾಗೇ ಇರುತ್ತದೆ. ವಾಯರನ್ನು ಇಲಿ ಕಡಿದಿರುತ್ತದೆ. ರಿಮೋಟಿನ ಸೆಲ್ಲು ಸೋರಿ ಒಳಗೆ ಬೆಳ್ಳಗೆ ಉಪ್ಪು ಹಿಡಿದಿರುತ್ತದೆ. ವರ್ಷದ ಮೊದಲ ಸಲ ಬಟನ್ ಒತ್ತುವ ಮುಂಚೆ ಒಮ್ಮೆ ಮಾಳಿಗೆ ಹತ್ತಿ ನೋಡಿ ಬಂದರೆ ಅರ್ಧ ತಾಪತ್ರಯ ಅಲ್ಲೇ ತೀರುತ್ತದೆ.

'ಪೀಂ' ಎಂಬ ಸದ್ದೇ ಬರದಿದ್ದರೆ ರಿಮೋಟಿನ ಮೇಲೆ ಸಂಶಯಪಡಬೇಕು. ಮೊಬೈಲ್ ಕ್ಯಾಮೆರಾ ತೆರೆದು ಅದರ ಮುಂದೆ ರಿಮೋಟಿನ ಮೂತಿ ಹಿಡಿದು ಬಟನ್ ಒತ್ತಿದರೆ ಬಹಳ ಮೊಬೈಲುಗಳಲ್ಲಿ ನೇರಳೆ ಬಣ್ಣದ ಚುಕ್ಕಿ ಮಿನುಗುವುದು ಕಾಣುತ್ತದೆ. ಬರಿಗಣ್ಣಿಗೆ ಕಾಣದ ಬೆಳಕು ಅದು. ಹಿಂದಿನ ಕ್ಯಾಮೆರಾದಲ್ಲಿ ಕಾಣದಿದ್ದರೆ ಸೆಲ್ಫಿ ಕ್ಯಾಮೆರಾದಲ್ಲಿ ನೋಡಬೇಕು. ಎಲ್ಲಿಯೂ ಚುಕ್ಕಿ ಇಲ್ಲವೆಂದರೆ ಹೊಸ ಸೆಲ್ಲು ತನ್ನಿ, ಅಷ್ಟೇ. ಅಷ್ಟರ ತನಕ ಬೆವರುವುದೂ ಬೇಕಿಲ್ಲ: ಗೋಡೆಯ ಪೆಟ್ಟಿಗೆಯ ಮುಂದಿನ ಮುಚ್ಚಳ ಎತ್ತಿದರೆ ಸಾಮಾನ್ಯವಾಗಿ ಅಲ್ಲೊಂದು ಸಣ್ಣ ಬಟನ್ ಇರುತ್ತದೆ, ಅದನ್ನು ಒತ್ತಿದರೆ ರಿಮೋಟಿಲ್ಲದೆಯೂ ಏ.ಸಿ. ಚಾಲೂ ಆಗುತ್ತದೆ.

ಪೆಟ್ಟಿಗೆಯಲ್ಲಿ ಒಂದು ದೀಪವೂ ಇಲ್ಲ, ಬಟನ್ನಿಗೂ ಜಗ್ಗುತ್ತಿಲ್ಲ ಎಂದರೆ ಕರೆಂಟೇ ಬರುತ್ತಿಲ್ಲ ಎಂದರ್ಥ. ಮೀಟರ್ ಬೋರ್ಡಿನಲ್ಲಿ ಏ.ಸಿ.ಯದೇ ಆದ ಎಂ.ಸಿ.ಬಿ. ಕೆಳಗೆ ಬಿದ್ದಿದೆಯೇ, ಸ್ಟೆಬಿಲೈಸರ್ ಬಂದ್ ಇದೆಯೇ, ಕಸ ಗುಡಿಸುವಾಗ ಪ್ಲಗ್ಗಿನ ಸ್ವಿಚ್ಚಿಗೆ ಯಾರದಾದರೂ ಕೈ ತಾಗಿದೆಯೇ ನೋಡಬೇಕು. ಕೇಳಿದರೆ ನಗು ಬರುತ್ತದೆ. ಆದರೆ ಸ್ವಿಚ್ ಹಾಕಿಕೊಟ್ಟು ಬಂದ ಖರ್ಚು ವಸೂಲು ಮಾಡಿದ ಕತೆಗಳನ್ನು ಮೆಕ್ಯಾನಿಕ್‌ಗಳು ಚಹಾ ಅಂಗಡಿಯಲ್ಲಿ ಕೂತು ನಗುತ್ತ ಹೇಳುತ್ತಾರೆ!

ಇನ್ನು ಗಾಳಿ ಬಂದು ತಂಪು ಬರದಿದ್ದರೆ ರಿಮೋಟಿನ ಪರದೆ ನೋಡಬೇಕು. ಮನೆಯ ಹುಡುಗರು ಆಡುತ್ತ ಆಡುತ್ತ ಬರೀ 'ಫ್ಯಾನ್' ಎಂಬಲ್ಲಿಗೆ ತಿರುಗಿಸಿರಬಹುದು. ಇಲ್ಲವೇ ೩೦ ಡಿಗ್ರಿಗೆ ಇಟ್ಟಿರಬಹುದು. ಕೋಣೆ ೨೯ ಇದ್ದಾಗ ೩೦ ಕೇಳಿದರೆ ಕಂಪ್ರೆಸರ್ ಯಾಕೆ ಎದ್ದೀತು? ೨೦೨೦ರ ಜನವರಿಯಿಂದ ಸ್ಟಾರ್ ಪಟ್ಟಿ ಅಂಟಿಸಿದ ಹೊಸ ಏ.ಸಿ.ಗಳು ೨೪ ಡಿಗ್ರಿಗೆ ಹೊಂದಿಸಿಯೇ ಬರಬೇಕೆಂದು ಕೇಂದ್ರದ ನಿಯಮವಿದೆ. ಅದರ ಮೇಲೆ ಕೆಳಗೆ ಮಾಡುವುದು ಮನೆಯವರ ಕೈಯಲ್ಲೇ ಇದೆ.

ಕರೆಂಟು ಹೋಗಿ ಬಂದ ಮೇಲೆ ಮೂರು ನಿಮಿಷ ಏ.ಸಿ. ಏಳದಿದ್ದರೂ ಗಾಬರಿ ಬೇಡ. ಅದು ಬೇಕೆಂದೇ ಇಟ್ಟ ತಡೆ. ಒಳಗಿನ ಗ್ಯಾಸಿನ ಒತ್ತಡ ಎರಡೂ ಕಡೆ ಸಮವಾಗುವ ತನಕ ಕಂಪ್ರೆಸರ್‌ಗೆ ವಿಶ್ರಾಂತಿ ಬೇಕು. ಸ್ಟೆಬಿಲೈಸರ್‌ನಲ್ಲೂ ಅಂಥದೇ ತಡೆ ಇದ್ದರೆ ಎರಡೂ ಒಂದರ ಮೇಲೊಂದು ಸೇರಿ ಐದಾರು ನಿಮಿಷ ಹಿಡಿಯಬಹುದು. ಅಷ್ಟರಲ್ಲಿ ನಾಲ್ಕು ಸಲ ರಿಮೋಟು ಒತ್ತಿ ಬಂದ್ ಮಾಡಿ ಚಾಲೂ ಮಾಡಿದರೆ ಎಣಿಕೆ ಮತ್ತೆ ಮೊದಲಿಂದ!

ಬಿದ್ದ ಎಂ.ಸಿ.ಬಿ.ಯ ತಂಟೆ

ಎಂ.ಸಿ.ಬಿ. ಬಿದ್ದಿತ್ತು, ಎತ್ತಿದಿರಿ, ನಿಂತಿತು. ಒಳ್ಳೆಯದು. ಎತ್ತಿದ ಕೂಡಲೇ ಮತ್ತೆ ಬಿತ್ತೋ, ಅಲ್ಲಿಗೆ ಕೈ ಬಿಡಬೇಕು. ಎರಡನೇ ಸಲ ಬಿದ್ದದ್ದನ್ನು ಮೂರನೇ ಸಲ ಎತ್ತಬಾರದು. ಎಲ್ಲೋ ವಾಯರು ವಾಯರಿಗೆ ತಾಗಿದೆ, ಇಲ್ಲವೇ ಕಂಪ್ರೆಸರ್ ಒಳಗೇ ಸುಟ್ಟಿದೆ ಎಂದು ಅದು ಕೂಗಿ ಹೇಳುತ್ತಿದೆ.

ಆದರೆ ಇಲ್ಲಿ ನಡೆಯುವುದೇ ಬೇರೆ. "ಇಪ್ಪತ್ತು ಆಂಪಿಂದು ನಿಲ್ಲವಲ್ದು, ಮೂವತ್ತೆರಡರದು ಹಾಕಿಬಿಡು ತಮ್ಮಾ" ಎಂದು ಮನೆಯವರೇ ಹೇಳುತ್ತಾರೆ, ತಮ್ಮ ಹಾಕಿಬಿಡುತ್ತಾನೆ! ಎಂ.ಸಿ.ಬಿ. ಇರುವುದು ಏ.ಸಿ. ಕಾಯಲು ಅಲ್ಲ, ಗೋಡೆಯೊಳಗಿನ ವಾಯರು ಕಾಯಲು. ದೊಡ್ಡ ಎಂ.ಸಿ.ಬಿ. ಹಾಕಿದರೆ ಅದು ಬೀಳುವ ಮುಂಚೆ ವಾಯರು ಕಾದು ಕರಗುತ್ತದೆ. ಹಳೇ ಮನೆಗಳಲ್ಲಂತೂ ಫ್ಯಾನು, ಟ್ಯೂಬ್‌ಲೈಟಿಗೆಂದು ಎಳೆದ ಸಣ್ಣ ವಾಯರಿಗೇ ಏ.ಸಿ. ಕಟ್ಟಿದ್ದಾರೆ. ಒಂದೂವರೆ ಟನ್ನಿನ ಏ.ಸಿ.ಗೆ ಮೀಟರ್ ಬೋರ್ಡಿನಿಂದ ನೇರವಾಗಿ ಎಳೆದ ೪ ಚದರ ಮಿಲಿಮೀಟರಿನ ತಾಮ್ರದ ವಾಯರು, ಅದರ ಜತೆ ಅರ್ಥಿಂಗ್ ಬೇಕು. ಪ್ಲಗ್ಗಿನ ಸುತ್ತ ಕಂದು ಬಣ್ಣ ತಿರುಗಿದ್ದರೆ, ರಬ್ಬರು ಸುಟ್ಟ ವಾಸನೆ ಬಂದರೆ, ಆ ರಾತ್ರಿ ಕೈಬೀಸಣಿಗೆಯೇ ವಾಸಿ. ಎಕ್ಸ್‌ಟೆನ್ಷನ್ ಬಾಕ್ಸಿನಲ್ಲಿ ಏ.ಸಿ. ಹಚ್ಚಿ ಮಲಗುವವರಿಗೆ ಏನು ಹೇಳೋಣ! ದೇವರು ದೊಡ್ಡವನು.

ಎಂ.ಸಿ.ಬಿ. ಸುಮ್ಮನಿದ್ದು, ಪಕ್ಕದ ಅಗಲದ ಆರ್.ಸಿ.ಸಿ.ಬಿ. ಬೀಳುತ್ತಿದ್ದರೆ ಸಂಗತಿ ಬೇರೆ. ಹಳಬರು ಇ.ಎಲ್.ಸಿ.ಬಿ. ಎನ್ನುತ್ತಿದ್ದುದು ಇದರ ಅಣ್ಣನನ್ನೇ. ಮನೆಗಳಲ್ಲಿ ಹಾಕುವಂಥದು ೩೦ ಮಿಲಿ ಆಂಪಿನಷ್ಟು ಕರೆಂಟು ಭೂಮಿಗೆ ಸೋರಿದರೂ ಬೀಳುತ್ತದೆ. ಅದು ಬೀಳುವುದೆಂದರೆ ಕರೆಂಟು ಡಬ್ಬಿಯ ಮೈಗೆ ಬರುತ್ತಿರಬಹುದು ಎಂದರ್ಥ. ಅದನ್ನು ಬೈಪಾಸ್ ಮಾಡಿಸುವುದೆಂದರೆ ನಾಯಿ ಬೊಗಳುತ್ತದೆಂದು ನಾಯಿಯ ಬಾಯಿ ಕಟ್ಟಿ ಬಾಗಿಲು ತೆರೆದು ಮಲಗಿದ ಹಾಗೆ.

ಗುಂಯ್–ಟಕ್ ಎಂಬ ಭಾಷೆ

ಇನ್ನು ನಿಜವಾದ ವಿಷಯಕ್ಕೆ ಬರೋಣ. ಹೊರಗಿನ ಡಬ್ಬಿಯೊಳಗೆ ಕರಿ ಬಣ್ಣದ ಒಂದು ಕಬ್ಬಿಣದ ಗುಂಡು ಇದೆ. ಅದೇ ಕಂಪ್ರೆಸರ್. ಅದರೊಳಗಿನ ಮೋಟಾರು ಗ್ಯಾಸನ್ನು ಒತ್ತಿ, ಕಾಯಿಸಿ, ಹೊರಗೆ ಬಿಸಿ ಚೆಲ್ಲಿ, ಒಳಗೆ ತಂಪು ಕಳಿಸುತ್ತದೆ. ಓಡುವಾಗ ಒಂದೂವರೆ ಟನ್ನಿನ ಮಾಮೂಲಿ ಏ.ಸಿ. ೭-೮ ಆಂಪ್ ಎಳೆಯುತ್ತದೆ. ಆದರೆ ಏಳುವ ಆ ಒಂದು ಕ್ಷಣ ಅದರ ಐದಾರು ಪಟ್ಟು ಬೇಕು. ಗಂಜಿನ ಹಮಾಲಿಯನ್ನು ಕೇಳಿದರೆ ಹೇಳುತ್ತಾನೆ, ಮೂಟೆ ಹೊತ್ತು ನಡೆಯುವುದು ಕಷ್ಟವಲ್ಲ, ನೆಲದಿಂದ ಎತ್ತಿ ಹೆಗಲಿಗೇರಿಸುವುದೇ ಕಷ್ಟ. ಮೋಟಾರಿನದೂ ಅದೇ ಪಾಡು.

ಈ ಏಳುವ ಬಲ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ. ಅಂದ್ರೆ ಏನು? ೨೩೦ ವೋಲ್ಟಿನಲ್ಲಿ ಅದರ ಬಲ ನೂರು ಎಂದಿಟ್ಟುಕೊಳ್ಳಿ. ೧೮೦ಕ್ಕೆ ಇಳಿದರೆ ಬಲ ೬೧. ೧೭೦ಕ್ಕೆ ಇಳಿದರೆ ೫೫. ವೋಲ್ಟೇಜು ಕಾಲು ಭಾಗ ಇಳಿದರೆ ಬಲ ಅರ್ಧದ ಹತ್ತಿರ! ಮೋಟಾರು ತಿರುಗಲಾರದೆ 'ಗುಂಯ್' ಎನ್ನುತ್ತದೆ, ತಿರುಗದೆ ನಿಂತಲ್ಲೇ ಕರೆಂಟು ಕುಡಿದು ಕಾಯುತ್ತದೆ. ಸುಟ್ಟುಹೋಗುವ ಮುಂಚೆ ಒಳಗಿನ ಕಾವಲುಗಾರ 'ಟಕ್' ಎಂದು ಕರೆಂಟು ಕಡಿಯುತ್ತಾನೆ. ಅವನ ಹೆಸರು ಓವರ್‌ಲೋಡ್. ಕೆಲವೊಮ್ಮೆ ಕಂಪ್ರೆಸರ್ ಆರಲು ಅರ್ಧ ಗಂಟೆಯೋ ಅದಕ್ಕೂ ಹೆಚ್ಚೋ ಬೇಕಾಗುತ್ತದೆ. ಅಷ್ಟರೊಳಗೆ ಮತ್ತೆ ಮತ್ತೆ ಎಬ್ಬಿಸಲು ಹೋದರೆ ಒಂದು ದಿನ ಕಾವಲುಗಾರನೂ ಕೈಚೆಲ್ಲುತ್ತಾನೆ. ಕಂಪ್ರೆಸರ್ ಸುಟ್ಟರೆ ಏ.ಸಿ.ಯ ಅತಿ ದುಬಾರಿ ಭಾಗವೇ ಹೋದಂತೆ.

ಗುಂಯ್–ಟಕ್ ಕೇಳಿದಾಗ ಮೊದಲ ಕೆಲಸ ಮೆಕ್ಯಾನಿಕ್‌ಗೆ ಫೋನು ಮಾಡುವುದಲ್ಲ, ವೋಲ್ಟೇಜು ನೋಡುವುದು. ಸ್ಟೆಬಿಲೈಸರ್‌ನಲ್ಲಿ ಒಳಗೆ ಬರುವ ವೋಲ್ಟೇಜು ತೋರಿಸುವ ಅಂಕಿ ಇದ್ದರೆ ಅಲ್ಲೇ ನೋಡಬಹುದು. ಇಲ್ಲದವರಿಗೆ ಪ್ಲಗ್ಗಿಗೆ ಸಿಕ್ಕಿಸಿದರೆ ಅಂಕಿ ತೋರಿಸುವ ಸಣ್ಣ ಮೀಟರುಗಳು ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಸಿಗುತ್ತವೆ. ನಿಯಮದ ಪ್ರಕಾರ ಮನೆಗೆ ಬರಬೇಕಾದದ್ದು ೨೩೦ ವೋಲ್ಟು, ಶೇಕಡಾ ೬ ಹೆಚ್ಚು ಕಮ್ಮಿ. ಅಂದರೆ ೨೧೬ರಿಂದ ೨೪೪ರ ಒಳಗೆ. ರಾತ್ರಿ ಹತ್ತಕ್ಕೆ ಮೀಟರು ೧೭೫ ತೋರಿಸಿದರೆ ಏ.ಸಿ.ಯನ್ನು ಬೈದು ಪ್ರಯೋಜನವಿಲ್ಲ.

ಮೀಟರು ೨೨೫ ತೋರಿಸಿಯೂ ಗುಂಯ್–ಟಕ್ ನಿಲ್ಲದಿದ್ದರೆ? ಆಗ ಬಹುಪಾಲು ಸಂಶಯ ಕೆಪಾಸಿಟರ್ ಮೇಲೆ. ಮೋಟಾರಿಗೆ ಏಳುವಾಗ ಕೈಕೊಡುವ ಡಬ್ಬಿ ಅದು. ಮಾಳಿಗೆಯ ಬಿಸಿಗೆ ವರ್ಷವರ್ಷ ಸೊರಗಿ, ಕಡೆಗೆ ತಲೆ ಊದಿಕೊಂಡು ಸಾಯುತ್ತದೆ. ಹೊಸದರ ಬೆಲೆ ನೂರರ ಲೆಕ್ಕದಲ್ಲಿ, ಬದಲಾಯಿಸಲು ಹತ್ತು ನಿಮಿಷ. ಆದರೆ ಮನೆಯವರು ಸ್ಕ್ರೂಡ್ರೈವರ್ ಹಿಡಿದು ಹೋಗಬಾರದು. ಮೇನ್ ಬಂದ್ ಮಾಡಿದ ಮೇಲೂ ಕೆಪಾಸಿಟರ್ ತನ್ನ ಹೊಟ್ಟೆಯಲ್ಲಿ ಕರೆಂಟು ಇಟ್ಟುಕೊಂಡಿರುತ್ತದೆ, ಮುಟ್ಟಿದವರನ್ನು ಎತ್ತಿ ಒಗೆಯುತ್ತದೆ. ಮಾಳಿಗೆಯ ಅಂಚಿನಲ್ಲಿ ನಿಂತು ಆ ಏಟು ತಿಂದರೆ ಕರೆಂಟಿಗಿಂತ ಮೊದಲು ನೆಲವೇ ಕೊಲ್ಲುತ್ತದೆ.

ಕೆಪಾಸಿಟರ್ ಸರಿಯಿದ್ದರೆ ಹಲ್ಲಿ, ಇರುವೆ. ಹಳೇ ಮಾದರಿಗಳ ಕಾಂಟ್ಯಾಕ್ಟರ್ ಸಂದಿಯಲ್ಲಿ ಇರುವೆಗಳ ಹೆಣ ಸಿಕ್ಕಿಕೊಂಡು ಕರೆಂಟು ದಾಟದಂತೆ ತಡೆಯುತ್ತವೆ. ಹಲ್ಲಿಯೊಂದು ಬೋರ್ಡಿನ ಮೇಲೆ ಅಡ್ಡ ಬಿದ್ದರೆ ತಾನೂ ಸತ್ತು ಬೋರ್ಡನ್ನೂ ಕೊಲ್ಲುತ್ತದೆ.

ಇನ್ವರ್ಟರ್ ಏ.ಸಿ.ಗಳ ನಡೆ ಬೇರೆ. ಅವು ಮೆಲ್ಲಗೆ ಏಳುತ್ತವೆ, ಒಮ್ಮೆಲೇ ಜಗ್ಗುವುದಿಲ್ಲ. ಕಡಿಮೆ ವೋಲ್ಟೇಜನ್ನೂ ಒಂದು ಮಿತಿಯ ತನಕ ತಾಳುತ್ತವೆ. ಆ ಮಿತಿ ಎಷ್ಟೆಂದು ಮಾಹಿತಿ ಪುಸ್ತಕದಲ್ಲಿ ಬರೆದಿರುತ್ತದೆ. ಮಿತಿ ದಾಟಿದರೆ ಗುಂಯ್ ಎನ್ನದೆ, ಪರದೆಯ ಮೇಲೆ ಒಂದು ಅಕ್ಷರ, ಒಂದು ಅಂಕಿ ತೋರಿಸಿ ಮೌನ ವ್ರತ ಹಿಡಿಯುತ್ತವೆ. ಆ ಅಂಕಿ ಬರೆದಿಟ್ಟುಕೊಂಡು ಮೆಕ್ಯಾನಿಕ್‌ಗೆ ಹೇಳಿದರೆ ಅವನಿಗೂ ದಾರಿ ಸಿಗುತ್ತದೆ. ಇವುಗಳ ಬೋರ್ಡು ನಾಜೂಕು, ಬೆಲೆ ನೋಡಿದರೆ ಎದೆ ಒಡೆಯುತ್ತದೆ.

ಒಂದು ಎಚ್ಚರಿಕೆ. ಮನೆಯ ಬಲ್ಬು ಇದ್ದಕ್ಕಿದ್ದಂತೆ ಫಳಫಳ ಹೊಳೆದು, ಫ್ಯಾನು ಹುಚ್ಚು ಹಿಡಿದಂತೆ ತಿರುಗಿ, ಆಚೆ ಮನೆಯಲ್ಲಿ ದೀಪ ಮಂಕಾದರೆ ಕಂಬದಲ್ಲಿ ನ್ಯೂಟ್ರಲ್ ಕಳಚಿರಬಹುದು. ಆಗ ಮನೆಗೆ ೩೦೦ ದಾಟಿಯೂ ವೋಲ್ಟೇಜು ನುಗ್ಗಬಹುದು. ಏ.ಸಿ. ಒಂದೇ ಅಲ್ಲ, ಮನೆಯ ಮೇನನ್ನೇ ಇಳಿಸಬೇಕು, ತಡ ಮಾಡಬಾರದು.

ಗ್ಯಾಸೆಂಬ ಮಾಯೆ

"ವರ್ಷಕ್ಕೊಮ್ಮೆ ಗ್ಯಾಸ್ ತುಂಬಿಸಬೇಕ್ರಿ" ಎಂಬ ಮಾತು ಊರಲ್ಲಿ ಶಾಸ್ತ್ರದಂತೆ ಓಡಾಡುತ್ತಿದೆ. ಅಡಿಗೆಯ ಸಿಲಿಂಡರಿನ ಗ್ಯಾಸು ಉರಿದು ತೀರುತ್ತದೆ. ಏ.ಸಿ.ಯ ಗ್ಯಾಸು ಉರಿಯುವುದಿಲ್ಲ, ತೀರುವುದಿಲ್ಲ. ಮುಚ್ಚಿದ ಕೊಳವೆಯೊಳಗೆ ಅದೇ ಗ್ಯಾಸು ವರ್ಷಗಟ್ಟಲೆ ಸುತ್ತುತ್ತದೆ. ಕಮ್ಮಿಯಾಗಿದೆ ಎಂದರೆ ಎಲ್ಲೋ ತೂತಿದೆ. ತೂತು ಹುಡುಕಿ ಮುಚ್ಚದೆ ಗ್ಯಾಸು ತುಂಬುವುದೆಂದರೆ ಒಡಕು ಕೊಡಕ್ಕೆ ನೀರು ಹೊತ್ತ ಹಾಗೆ. ಅಲ್ಲದೆ ಗ್ಯಾಸು ಕಮ್ಮಿಯಾದ ಮಾಮೂಲಿ ಏ.ಸಿ. ಸಾಧಾರಣವಾಗಿ ಚಾಲೂ ಆಗುತ್ತದೆ, ಓಡುತ್ತದೆ, ತಂಪು ಕೊಡುವುದಿಲ್ಲ. ಏಳಲೇ ಆಗದ ಏ.ಸಿ.ಗೆ "ಗ್ಯಾಸ್ ಖಾಲಿ" ಎಂದು ಫೋನಿನಲ್ಲೇ ರೋಗ ಹೇಳುವವನ ಮುಂದೆ ಕೈ ಮುಗಿದುಬಿಡಬೇಕು. ತುಂಬಿಸಲೇಬೇಕಾಗಿ ಬಂದರೆ ಯಾವ ಗ್ಯಾಸು ಎಂದು ಡಬ್ಬಿಯ ಚೀಟಿ ನೋಡಿ ಕೇಳಬೇಕು. ಹಳೆಯವಕ್ಕೆ ಆರ್-೨೨, ಈಗಿನ ಬಹಳಷ್ಟಕ್ಕೆ ಆರ್-೩೨. ಒಂದರದ್ದು ಇನ್ನೊಂದಕ್ಕೆ ಆಗದು. ಆರ್-೩೨ ಬೆಂಕಿ ಹಿಡಿಯಬಲ್ಲ ಗ್ಯಾಸು, ಅದರ ಹತ್ತಿರ ಬೀಡಿ ಹಚ್ಚಿಕೊಂಡು ಕೆಲಸ ಮಾಡುವವನನ್ನು ಮಾಳಿಗೆಯಿಂದ ಇಳಿಸಿ ಕಳಿಸಬೇಕು.

ಅಂದ ಹಾಗೆ, ಈ ಯಂತ್ರ ಮೊದಲು ಹುಟ್ಟಿದ್ದು ಮನುಷ್ಯನ ಸುಖಕ್ಕಲ್ಲ, ಕಾಗದದ ಸುಖಕ್ಕೆ! ೧೯೦೨ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಒಂದು ಮುದ್ರಣಾಲಯದವರಿಗೆ ಬೇಸಿಗೆಯ ತೇವಕ್ಕೆ ಕಾಗದ ಹಿಗ್ಗಿ, ಒಂದು ಬಣ್ಣದ ಮೇಲೆ ಇನ್ನೊಂದು ಬಣ್ಣ ಸರಿಯಾಗಿ ಕೂರದೆ ತಲೆನೋವಾಗಿತ್ತು. ಅದಕ್ಕೆ ಮದ್ದಾಗಿ ವಿಲಿಸ್ ಕ್ಯಾರಿಯರ್ ಎಂಬ ತರುಣ ಇಂಜಿನಿಯರ್ ಗಾಳಿಯ ತೇವ ಹಿಡಿತದಲ್ಲಿಡುವ ಯಂತ್ರ ರೂಪಿಸಿದ. ಇಂದಿನ ಏ.ಸಿ.ಗಳ ಮೂಲಪುರುಷ ಅದೇ. ಅದಿರಲಿ.

ಶಕ್ತಿನಗರದ ಬಗಲಲ್ಲಿ ಸೊರಗಿದ ದೀಪ

ಈ ಊರಿನವರಿಗೆ ಹೊಟ್ಟೆ ಉರಿಯುವುದು ಇಲ್ಲೇ. ಇಪ್ಪತ್ತು ಕಿಲೋಮೀಟರ್ ಆಚೆ, ಕೃಷ್ಣೆಯ ದಂಡೆಯ ಶಕ್ತಿನಗರದಲ್ಲಿ ೧೯೮೫ರಲ್ಲಿ ಮೊದಲ ಘಟಕ ಶುರುವಾಗಿ, ಬೆಳೆದು ಬೆಳೆದು ಎಂಟು ಘಟಕ, ೧,೭೨೦ ಮೆಗಾವಾಟ್ ಸಾಮರ್ಥ್ಯದ ಶಾಖೋತ್ಪನ್ನ ಕೇಂದ್ರವಾಯಿತು. ಊರಿನ ಮಗ್ಗುಲಲ್ಲೇ ಯರಮರಸ್‌ನಲ್ಲಿ ೮೦೦ ಮೆಗಾವಾಟಿನ ಎರಡು ಘಟಕ ಬಂದವು. ಬೂದಿ ನಮಗೆ, ಬೆಳಕು ಊರವರಿಗೆ ಎಂದು ಜನ ಆಡಿಕೊಳ್ಳುವುದರಲ್ಲಿ ತಪ್ಪೇನಿದೆ?

ಆದರೆ ಲೆಕ್ಕ ಬಿಡಿಸಿ ನೋಡಿದರೆ ಕೋಪ ಸ್ವಲ್ಪ ಬೇರೆ ಕಡೆ ತಿರುಗಬೇಕಾಗುತ್ತದೆ. ಶಕ್ತಿನಗರದ ಕರೆಂಟು ಲಕ್ಷಗಟ್ಟಲೆ ವೋಲ್ಟಿನಲ್ಲಿ ರಾಜ್ಯದ ಜಾಲಕ್ಕೆ ಹೋಗಿ, ಅಲ್ಲಿಂದ ಮೆಟ್ಟಿಲು ಮೆಟ್ಟಿಲಾಗಿ ಇಳಿದು ೧೧ ಸಾವಿರ ವೋಲ್ಟಾಗಿ ಓಣಿಯ ಟಿ.ಸಿ.ಗೆ ಬರುತ್ತದೆ. ಅಲ್ಲಿಂದ ಮನೆಗೆ. ರಾತ್ರಿ ಹತ್ತರ ಸಂಕಟ ಬಹುತೇಕ ಹುಟ್ಟುವುದು ಈ ಕಡೆಯ ತುಂಡಿನಲ್ಲೇ, ಟಿ.ಸಿ.ಯಿಂದ ಮನೆಯ ತನಕದ ಕೆಲವು ನೂರು ಮೀಟರಿನಲ್ಲಿ. ಕಡೇ ಕಂಬದ ಮನೆಯವರಿಗೆ ಎಲ್ಲರಿಗಿಂತ ಹೆಚ್ಚು ಕಷ್ಟ.

ನೂರು ಕೆ.ವಿ.ಎ.ಯ ಒಂದು ಟಿ.ಸಿ. ತೆಗೆದುಕೊಳ್ಳಿ. ಒಂದೊಂದು ಫೇಸಿಗೆ ಸುಮಾರು ೧೩೦ ಆಂಪ್ ಕೊಡಬಲ್ಲುದು. ಏ.ಸಿ.ಗೆ ಎಂಟು ಆಂಪಿನಂತೆ ಎಣಿಸಿದರೆ ಹದಿನಾರು ಏ.ಸಿ. ಅಲ್ಲಿಗೆ ಒಂದು ಫೇಸು ಭರ್ತಿ! ಫ್ಯಾನಿಲ್ಲ, ಫ್ರಿಜ್ಜಿಲ್ಲ, ನೀರಿನ ಮೋಟಾರಿಲ್ಲ, ಟಿ.ವಿ. ಇಲ್ಲ ಎಂದಿಟ್ಟುಕೊಂಡು. ಹಿಂದೆ ಓಣಿಗೊಂದು ಏ.ಸಿ. ಇದ್ದಾಗ ಹಾಕಿದ ಟಿ.ಸಿ.ಗೆ ಇಂದು ಮನೆಗೊಂದು ಏ.ಸಿ. ಜೋತುಬಿದ್ದರೆ ಅದೇನು ಮಾಡೀತು?

ಇದರ ಮೇಲೆ ಸ್ಟೆಬಿಲೈಸರ್ ಮಹಿಮೆ. ಒಳಗೆ ೧೭೦ ಬಂದರೂ ಹೊರಗೆ ೨೩೦ ಕೊಡುತ್ತದೆ, ನಿಜ. ಮಂತ್ರ ಹಾಕಿ ಕೊಡುವುದಿಲ್ಲ, ಲೈನಿನಿಂದ ಹೆಚ್ಚು ಎಳೆದು ಕೊಡುತ್ತದೆ. ಎಂಟು ಆಂಪಿನ ಕಡೆ ಹನ್ನೊಂದು ಆಂಪ್ ಜಗ್ಗುತ್ತದೆ. ಆ ಮೂರು ಆಂಪಿನ ಭಾರಕ್ಕೆ ಲೈನಿನ ವೋಲ್ಟೇಜು ಇನ್ನೂ ಇಳಿಯುತ್ತದೆ, ಸ್ಟೆಬಿಲೈಸರ್ ಇಲ್ಲದ ಪಕ್ಕದ ಮನೆಯವರ ಏ.ಸಿ. ಆಗ ಗುಂಯ್ ಎನ್ನುತ್ತದೆ. ಅವರೂ ಮರುದಿನ ದೊಡ್ಡ ಸ್ಟೆಬಿಲೈಸರ್ ತರುತ್ತಾರೆ! ಮೂರು ಫೇಸಿನ ಮನೆಗಳಲ್ಲಿ ಇನ್ನೊಂದು ಆಟ. ಒಂದು ಫೇಸು ಮಂಕಾಯಿತೆಂದರೆ ಓಣಿಯವರೆಲ್ಲ ಒಟ್ಟಿಗೇ ಇನ್ನೊಂದಕ್ಕೆ ತಿರುಗಿಸುತ್ತಾರೆ. ಹತ್ತು ನಿಮಿಷದಲ್ಲಿ ಅದೂ ಮಂಕು, ಆಮೇಲೆ ಟಿ.ಸಿ.ಯ ಫ್ಯೂಜು ಢಂ. ರಾತ್ರಿ ಹನ್ನೆರಡಕ್ಕೆ ಏಣಿ ಹೊತ್ತು ಬರುವ ಲೈನ್‌ಮನ್‌ಗೆ ಓಣಿಯ ಬೈಗುಳವೆಲ್ಲ ಕಾದಿರುತ್ತದೆ. ಪಾಪ, ಅವನ ಮನೆಯಲ್ಲೂ ಸೆಕೆಯೇ.

ಕಾಗದದಲ್ಲಿಲ್ಲದ ಏ.ಸಿ.ಗಳು

ಹಾಗಾದರೆ ದೊಡ್ಡ ಟಿ.ಸಿ. ಯಾಕೆ ಬರುವುದಿಲ್ಲ? ಪ್ರತಿಯೊಬ್ಬರ ಕರೆಂಟು ಬಿಲ್ಲಿನಲ್ಲಿ ಮಂಜೂರಾದ ಲೋಡು ಎಂದು ಒಂದು ಅಂಕಿ ಇರುತ್ತದೆ, ಕಿಲೋವಾಟಿನಲ್ಲಿ. ಮನೆ ಕಟ್ಟಿದಾಗ ಒಂದೋ ಎರಡೋ ಕಿಲೋವಾಟ್ ಎಂದು ಬರೆಸಿದ್ದು ಅನೇಕರ ಬಿಲ್ಲಿನಲ್ಲಿ ಹಾಗೇ ಕೂತಿದೆ. ಒಂದೂವರೆ ಟನ್ನಿನ ಏ.ಸಿ. ಒಂದೇ ಒಂದೂವರೆ ಕಿಲೋವಾಟಿನ ಆಸುಪಾಸು ತಿನ್ನುತ್ತದೆ. ಆದರೆ ನಿಗದಿ ಶುಲ್ಕ ಕಿಲೋವಾಟಿನ ಲೆಕ್ಕದಲ್ಲಿ ಬೀಳುತ್ತದಲ್ಲ! "ಯಾರು ಬಂದು ನೋಡ್ತಾರ ಬಿಡ್ರಿ" ಎಂದು ಲೋಡು ಹೆಚ್ಚಿಸಲು ಅರ್ಜಿ ಹಾಕುವುದಿಲ್ಲ. ಇದರ ಮೇಲೆ ೨೦೨೩ರ ಜುಲೈಯಿಂದ ಗೃಹಜ್ಯೋತಿ ಬಂದ ಮೇಲೆ ತಿಂಗಳಿಗೆ ೨೦೦ ಯುನಿಟ್ ದಾಟಿದರೆ ಪೂರಾ ಬಿಲ್ಲು ಕಟ್ಟಬೇಕೆಂಬ ಅಳುಕು ಬೇರೆ. ಹೀಗಾಗಿ ಓಣಿಯ ಮಾಳಿಗೆಗಳ ಮೇಲೆ ಇಪ್ಪತ್ತು ಡಬ್ಬಿ, ಕಚೇರಿಯ ಕಾಗದದಲ್ಲಿ ಬರೀ ಫ್ಯಾನು ಮತ್ತು ಬಲ್ಬು. ಕಾಗದದಲ್ಲಿ ಲೋಡಿಲ್ಲದ ಓಣಿಗೆ ದೊಡ್ಡ ಟಿ.ಸಿ. ಬರೆದು ಕಳಿಸಲು ಸೆಕ್ಷನ್ ಆಫೀಸರ್‌ಗೆ ಆಧಾರವೇ ಇಲ್ಲ.

ಇಲಾಖೆಗೂ ಇದನ್ನೇ ನೆಪ ಮಾಡಿಕೊಂಡು ಕೂರುವ ಹಕ್ಕಿಲ್ಲ ಎನ್ನಿ. ಟಿ.ಸಿ.ಯ ಬುಡದಲ್ಲಿ ಬೇಸಿಗೆಯ ಒಂದು ರಾತ್ರಿ ಮೀಟರು ಹಿಡಿದು ನಿಂತರೆ ಎಷ್ಟು ಆಂಪ್ ಹರಿಯುತ್ತಿದೆ ಎಂಬುದು ಕಣ್ಣಿಗೇ ಕಾಣುತ್ತದೆ, ಮೂರು ಫೇಸಿನ ಭಾರ ಸಮನಾಗಿ ಹಂಚಿದೆಯೋ ಇಲ್ಲವೋ ತಿಳಿಯುತ್ತದೆ. ಭಾರ ಹಂಚುವುದಕ್ಕೆ ಹೊಸ ಟಿ.ಸಿ. ಬೇಕಿಲ್ಲ, ಒಂದು ಏಣಿ, ಇಬ್ಬರು ಆಳು, ಒಂದು ಮಧ್ಯಾಹ್ನ ಸಾಕು. ಎಷ್ಟೋ ಓಣಿಗಳ ಸಂಕಟ ಅಷ್ಟರಲ್ಲೇ ಅರ್ಧ ಇಳಿದೀತು. ಕೆ.ಇ.ಬಿ. ಹೋಗಿ ೧೯೯೯ರಲ್ಲಿ ಕೆ.ಪಿ.ಟಿ.ಸಿ.ಎಲ್. ಬಂತು, ೨೦೦೨ರಲ್ಲಿ ಜೆಸ್ಕಾಂ ಬಂತು. ಜನರ ಬಾಯಲ್ಲಿ ಇಂದಿಗೂ ಕೆ.ಇ.ಬಿ.ಯೇ. ಹೆಸರು ಯಾವುದಾದರೂ ಇರಲಿ, ದೂರಿಗೆ ೧೯೧೨ ಎಂಬ ನಂಬರು ಇದೆ. ದೂರು ತೀರಿಸಲು ಗಡುವು, ಗಡುವು ಮೀರಿದರೆ ಗ್ರಾಹಕನಿಗೆ ಪರಿಹಾರ ಎಂಬ ಏರ್ಪಾಡು ೨೦೨೦ರ ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮದಲ್ಲಿದೆ. ಆದರೆ ಫೋನಿನಲ್ಲಿ ಕೂಗಾಡಿ ಇಟ್ಟರೆ ಅದು ದೂರಾಗುವುದಿಲ್ಲ. ದೂರಿನ ನಂಬರು ಕೇಳಿ ಬರೆದಿಟ್ಟುಕೊಂಡರೆ ಮಾತ್ರ ದೂರು.

ಕಿರಾಣಿ ಅಂಗಡಿಯವರಿಗೆ ಉದ್ರಿ ಪುಸ್ತಕ ಬರೆಯುವುದು ಹೊಸದಲ್ಲ. ಅಂಥದೇ ಒಂದು ಪುಸ್ತಕದಲ್ಲಿ ಹದಿನೈದು ದಿನ ಸಂಜೆ ಏಳು, ರಾತ್ರಿ ಹತ್ತು, ಹನ್ನೆರಡು, ಬೆಳಗಿನ ಐದು, ಹೀಗೆ ನಾಲ್ಕು ಹೊತ್ತಿನ ವೋಲ್ಟೇ­ಜು ಬರೆದಿಟ್ಟರೆ ಅದಕ್ಕಿಂತ ದೊಡ್ಡ ಸಾಕ್ಷಿ ಬೇರೆ ಬೇಡ. ಓಣಿಯ ಹತ್ತು ಮನೆಯವರು ತಮ್ಮ ತಮ್ಮ ಲೋಡು ಸರಿಯಾಗಿ ಬರೆಸಿ, ಆ ಪುಸ್ತಕದ ನಕಲು ಹಚ್ಚಿ ಒಟ್ಟಿಗೆ ಅರ್ಜಿ ಕೊಟ್ಟರೆ ಟಿ.ಸಿ. ಬದಲಿಸಲು ಕಚೇರಿಯವರಿಗೂ ಕೈಗೆ ಕಾಗದ ಸಿಗುತ್ತದೆ. ಮೇ ತಿಂಗಳಲ್ಲಿ ಕೊಟ್ಟ ಅರ್ಜಿ ಜೂನಿನ ಮೊದಲ ಮಳೆಗೆ ತಣ್ಣಗಾಗುತ್ತದೆ, ಕೊಟ್ಟವರೂ ಮರೆಯುತ್ತಾರೆ, ತೆಗೆದುಕೊಂಡವರೂ ಮರೆಯುತ್ತಾರೆ. ಅಂಕಿಗಳನ್ನು ಬೇಸಿಗೆಯಲ್ಲಿ ಬರೆದಿಟ್ಟು, ದೀಪಾವಳಿಗೆ ಅಂಗಡಿಯ ಲೆಕ್ಕದ ಪುಸ್ತಕ ಪೂಜೆಗಿಡುವ ಹೊತ್ತಿಗೆ ಅರ್ಜಿ ಸೆಕ್ಷನ್ ಆಫೀಸು ಮುಟ್ಟಿದರೆ ಶಿವರಾತ್ರಿಯ ತನಕ ಕೆಲಸಕ್ಕೆ ನಾಲ್ಕು ತಿಂಗಳು ಸಿಗುತ್ತದೆ. ಕೊಡುವಾಗ ಎರಡು ಪ್ರತಿ ಒಯ್ಯಬೇಕು, ಒಂದರ ಮೇಲೆ ತಾರೀಖು ಸಮೇತ ಸೀಲು ಹಾಕಿಸಿಕೊಂಡು ಬರಬೇಕು.